ನಲವತ್ತು ಕುರ್ಚಿಯ ಲೆಕ್ಕ: ಕೋಲಾರದಲ್ಲಿ ಸ್ವಂತ ಹಾಡಿಗೆ ಕೇಳುಗರು ಎಲ್ಲಿಂದ ಬರುತ್ತಾರೆ?

ಗಣೇಶನ ಹಬ್ಬದ ರಸಮಂಜರಿಯಲ್ಲಿ ಸ್ವಂತ ಹಾಡಿಗೆ ಸಿಗುವುದು ಎರಡೇ ಜಾಗ. ಒಂದು, ಸಂಜೆ ಆರೂವರೆ. ಸೌಂಡಿನ ಹುಡುಗರು ಇನ್ನೂ ವೈರ್ ಎಳೆಯುತ್ತಿರುತ್ತಾರೆ. ಮುಂದಿನ ಸಾಲಿನಲ್ಲಿ ಚಿಕ್ಕ ಮಕ್ಕಳು ಬಿಟ್ಟರೆ ಯಾರೂ ಇರುವುದಿಲ್ಲ. ಇನ್ನೊಂದು, ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಅಷ್ಟು ಹೊತ್ತಿಗೆ ಪೊಲೀಸ್ ಜೀಪು ಬೀದಿಯ ತುದಿಗೆ ಬಂದು ನಿಂತಿರುತ್ತದೆ. ಕಮಿಟಿಯವರು ಕೆಳಗಿನಿಂದ 'ಸಾಕು, ಮುಗಿಸಿ' ಅಂತ ಕೈ ಆಡಿಸುತ್ತಿರುತ್ತಾರೆ. ನಡುವಿನ ಮೂರು ಗಂಟೆ ಪೂರ್ತಿ ಸಿನಿಮಾ ಹಾಡಿಗೆ ಮೀಸಲು.

ಕೋಲಾರದ ಸುತ್ತಮುತ್ತ ಇಂಥ ತಂಡಗಳಲ್ಲಿ ನಾನು ಕೆಲವು ವರ್ಷ ರಿದಂ ಪ್ಯಾಡ್ ನುಡಿಸಿದ್ದೇನೆ. ಈ ಎರಡೂ ಜಾಗದಲ್ಲಿ ನಮ್ಮದೇ ಹಾಡು ಇಟ್ಟು ನೋಡಿದ್ದೇವೆ. ಒಂದು ಸಲ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಮೈಕೇ ಆಫ್ ಆಯಿತು. ಹಾಡು ಜನಕ್ಕೆ ಹಿಡಿಸಲಿಲ್ಲ ಅಂತ ಆವತ್ತು ತುಂಬಾ ಬೇಜಾರು ಮಾಡಿಕೊಂಡೆವು. ಈಗ ಯೋಚಿಸಿದರೆ, ಹಿಡಿಸುವುದು ಬಿಡುವುದು ಆಮೇಲಿನ ಮಾತು. ಅಲ್ಲಿ ಯಾರೂ ಅದನ್ನು ಕೇಳಿಸಿಕೊಂಡೇ ಇರಲಿಲ್ಲ.

ಕಮಿಟಿಯವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಅವರು ಅಂಗಡಿ ಅಂಗಡಿಗೆ ಹೋಗಿ ಚಂದಾ ಎತ್ತಿರುತ್ತಾರೆ. ಚಂದಾ ಕೊಟ್ಟವರಿಗೆ ಗೊತ್ತಿರುವ ಹಾಡು ಬೇಕು. ನಿಂತು ಕೇಳುವ ಜನ, ಕೈಯಲ್ಲಿ ಚುರುಮುರಿ, ಹೆಗಲ ಮೇಲೆ ಮಗು. ಗೊತ್ತಿಲ್ಲದ ಹಾಡನ್ನು ಹಿಡಿದು ಕೂರುವಷ್ಟು ಪುರುಸೊತ್ತು ಆ ಬೀದಿಗೆ ಇರುವುದಿಲ್ಲ. ಹತ್ತು ಗಂಟೆಯ ಗಡಿಯೂ ಅವರದಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಹಬ್ಬದ ದಿನಗಳಲ್ಲಿ ರಾಜ್ಯ ಸರ್ಕಾರ 12ರವರೆಗೆ ಸಡಿಲಿಕೆ ಕೊಡಬಹುದು. ಅದೂ ವರ್ಷಕ್ಕೆ 15 ದಿನ ಮೀರದಂತೆ.

ಸ್ವಂತ ಹಾಡು ಕಟ್ಟುವವರು ಈಗ ಕೋಲಾರದಲ್ಲೂ ಇದ್ದಾರೆ, ಕೆಜಿಎಫ್‌ನಲ್ಲೂ ಇದ್ದಾರೆ, ಮುಳಬಾಗಿಲಲ್ಲೂ ಇದ್ದಾರೆ. ಒಂದು ಲ್ಯಾಪ್‌ಟಾಪು, ಒಂದು ಮೈಕು ಇದ್ದು, ಕಿಟಕಿಗೆ ಕಂಬಳಿ ಕಟ್ಟಿದರೆ ಮಲಗುವ ಕೋಣೆಯೇ ಸ್ಟುಡಿಯೋ. ಹಾಡು ಮಾಡುವುದು ಇಷ್ಟು ಸಲೀಸಾಗಿದ್ದರೂ ಕೇಳುವವರು ಸಿಗುವುದು ಮಾತ್ರ ಕಷ್ಟವೇ. ಯಾಕೆ? ನಾವು ಮೊದಲು ಹಾಡು ಕಟ್ಟಿ, ಆಮೇಲೆ ಜನರನ್ನು ಹುಡುಕಿಕೊಂಡು ಹೋಗುತ್ತೇವೆ. ನಮ್ಮ ಜಿಲ್ಲೆಯಲ್ಲಿ ಹಾಡು ಉಳಿದಿರುವ ಕಡೆಯೆಲ್ಲ ಆಗಿರುವುದು ಇದರ ಉಲ್ಟಾ. ಜನ ಸೇರುವ ಒಂದು ಜಾಗ, ಒಂದು ದಿನ ಮೊದಲೇ ಇತ್ತು. ಹಾಡು ಅಲ್ಲಿ ಬಂದು ಸೇರಿಕೊಂಡಿತು.

ಫೋನಿನ ಲೆಕ್ಕ

ಮೊದಲು ಫೋನಿನ ಲೆಕ್ಕ ನೋಡೋಣ. ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ ಅಲ್ವಾ? ನಾವೂ ಹಾಗೇ ಮಾಡಿದೆವು. ಮೂವರು ಸೇರಿ ಸಾಲ ಮಾಡಿ, ಅಂತರಗಂಗೆ ಬೆಟ್ಟದ ಮೇಲೆ ಡ್ರೋನ್ ಹಾರಿಸಿ ವಿಡಿಯೋ ತೆಗೆದೆವು. ಎರಡು ವಾರ ಕಳೆದ ಮೇಲೆ 312 ವ್ಯೂಸ್. ಅದರಲ್ಲಿ ನೂರಾದರೂ ನಮ್ಮ ಅಮ್ಮನದೇ ಇರಬೇಕು.

ಯೂಟ್ಯೂಬ್‌ನಲ್ಲಿ ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಬೇಕು. ಜೊತೆಗೆ 12 ತಿಂಗಳಲ್ಲಿ ಜನ ನಮ್ಮ ವಿಡಿಯೋಗಳನ್ನು 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬಂದಿರಬೇಕು. 4,000 ಗಂಟೆ ಅಂದರೆ ಎಷ್ಟು? ನಾಲ್ಕು ನಿಮಿಷದ ಹಾಡನ್ನು 60,000 ಸಲ ಪೂರ್ತಿ ಕೇಳಬೇಕು. 2011ರ ಜನಗಣತಿಯಲ್ಲಿ ಕೋಲಾರ ನಗರದ ಜನಸಂಖ್ಯೆ ಸುಮಾರು 1.38 ಲಕ್ಷ. ಹೆಚ್ಚುಕಡಿಮೆ ಅರ್ಧ ಊರು ಕೂತು ನಮ್ಮ ಹಾಡನ್ನು ಕೊನೆಯವರೆಗೂ ಕೇಳಬೇಕು. ಕ್ಲಾಕ್ ಟವರ್ ಹತ್ತಿರ ಐದು ನಿಮಿಷ ನಿಂತು, ಓಡಾಡುವ ಜನರ ಅವಸರ ನೋಡಿದರೆ ಇದು ಆಗುವ ಮಾತಲ್ಲ ಅಂತ ಗೊತ್ತಾಗುತ್ತದೆ.

ಹಾಡು ಕೇಳುವ ಆ್ಯಪ್ ಸ್ಪಾಟಿಫೈ ಲೆಕ್ಕ ಬೇರೆ. ಅಲ್ಲಿ 2024ರಿಂದ ಒಂದು ಹಾಡನ್ನು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರಬೇಕು. ಇಲ್ಲದಿದ್ದರೆ ಆ ಹಾಡು ರಾಯಲ್ಟಿಯ ಲೆಕ್ಕಕ್ಕೇ ಬರುವುದಿಲ್ಲ. ಸಾವಿರ ದಾಟಿದರೂ ಅದರ ದುಡ್ಡನ್ನು ನಂಬಿ ಸಾಲ ಮಾಡುವ ಹಾಗಿಲ್ಲ. ಆದರೆ ಈ ಸಂಖ್ಯೆಯನ್ನು ಒಡೆದು ನೋಡಿ. ನೂರು ಜನ ಹತ್ತತ್ತು ಸಲ ಕೇಳಿದರೆ ಸಾವಿರ ಆಯಿತು. ನೂರು ಜನ ಅಂದರೆ ನಮ್ಮ ಕಡೆ ಒಂದು ಮದುವೆಯ ಮೊದಲ ಪಂಕ್ತಿ.

ಇಲ್ಲಿ ಎರಡು ಬೇರೆ ಬೇರೆ ಆಟಗಳಿವೆ. ಅರವತ್ತು ಸಾವಿರದ ಆಟದಲ್ಲಿ ನಮ್ಮ ಎದುರಾಳಿ ಇಡೀ ಜಗತ್ತು. ಆನ್‌ಲೈನ್‌ಗೆ ದಿನಕ್ಕೆ 1 ಲಕ್ಷ ಹೊಸ ಹಾಡು ಬಂದು ಬೀಳುತ್ತಿವೆ ಅಂತ ದೊಡ್ಡ ಮ್ಯೂಸಿಕ್ ಕಂಪನಿಗಳ ಮುಖ್ಯಸ್ಥರೇ 2022ರಲ್ಲಿ ಹೇಳಿದ್ದರು. ಈಗ ಎಐ ಬೇರೆ ಸೇರಿಕೊಂಡಿದೆ. ನಾಲ್ಕು ಸಾಲು ಟೈಪ್ ಮಾಡಿದರೆ ಹಾಡೇ ಬರುತ್ತದೆ, ದನಿಯೂ ಸೇರಿ. ನೂರರ ಆಟದಲ್ಲಿ ಹಾಗಿಲ್ಲ. ಆ ನೂರು ಜನ ನಮ್ಮ ಮುಖ ನೋಡಿದವರು. ನಮ್ಮ ಅಪ್ಪನ ಅಂಗಡಿ ಎಲ್ಲಿದೆ ಅಂತಲೂ ಅವರಿಗೆ ಗೊತ್ತು. ಎಐ ಹಾಡಿಗೆ ಕೋಲಾರದಲ್ಲಿ ಅಪ್ಪನ ಅಂಗಡಿ ಇರುವುದಿಲ್ಲ.

ಒಂದು ಎಚ್ಚರಿಕೆ. ಹಾಡನ್ನು ಯಾವ ಊರಿನಲ್ಲಿ ಕೇಳುತ್ತಿದ್ದಾರೆ ಅಂತ ಸ್ಪಾಟಿಫೈ ಕಲಾವಿದರಿಗೆ ತೋರಿಸುತ್ತದೆ. ನಮಗೆ ಯಾವಾಗಲೂ 'ಬೆಂಗಳೂರು' ಅಂತಲೇ ಬರುತ್ತಿತ್ತು. ನಮ್ಮ ಕೇಳುಗರೆಲ್ಲ ಬೆಂಗಳೂರಿನಲ್ಲಿದ್ದಾರೆ ಅಂತ ಖುಷಿಪಟ್ಟು ಅಲ್ಲಿಗೆ ಓಡಿದ್ದೂ ಆಯಿತು. ಮೊಬೈಲ್ ಡೇಟಾದಲ್ಲಿ ಸಣ್ಣ ಊರು ಸರಿಯಾಗಿ ಸಿಗದೆ, ಹತ್ತಿರದ ದೊಡ್ಡ ಊರಿನ ಹೆಸರು ಬೀಳುವುದು ಸಾಮಾನ್ಯ ಅಂತ ಆಮೇಲೆ ತಿಳಿಯಿತು. ಬಂಗಾರಪೇಟೆಯಲ್ಲಿ ಕೂತು ಕೇಳಿದವರೂ ಬೆಂಗಳೂರಿನ ಲೆಕ್ಕಕ್ಕೆ ಸೇರಿರಬಹುದು.

ಬೆಟ್ಟದ ಮೇಲಿನ ಹುಣ್ಣಿಮೆ

ಕೋಲಾರಕ್ಕೆ ಈ ವಿಷಯದಲ್ಲಿ ಪಾಠ ಹೊರಗಿನಿಂದ ಬರಬೇಕಿಲ್ಲ. ತಲೆ ಎತ್ತಿ ಬೆಟ್ಟ ನೋಡಿದರೆ ಸಾಕು. ಅಲ್ಲಿ ತೇರಹಳ್ಳಿಯ ಹತ್ತಿರ 'ಆದಿಮ' ಇದೆ. ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಸಾಂಸ್ಕೃತಿಕ ಕೇಂದ್ರ. ಅಲ್ಲಿನ 'ಹುಣ್ಣಿಮೆ ಹಾಡು' ಬಗ್ಗೆ ಕೇಳಿರಬಹುದು. ಹುಣ್ಣಿಮೆಯ ರಾತ್ರಿ ಬೆಟ್ಟದ ಮೇಲೆ ಹಾಡು, ನಾಟಕ, ಮಾತು. ತಿಂಗಳಿಗೊಂದು ಸಲ.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ದಿನದ ಆಯ್ಕೆ. ಹುಣ್ಣಿಮೆಯನ್ನು ಯಾರಿಗೂ ನೆನಪಿಸಬೇಕಿಲ್ಲ. ಪೋಸ್ಟರ್ ಬೇಡ, ಫ್ಲೆಕ್ಸ್ ಬೇಡ. ಆಕಾಶವೇ ಜ್ಞಾಪಿಸುತ್ತದೆ. 'ಈ ಸಲ ಯಾರು ಹಾಡುತ್ತಾರೆ' ಅನ್ನುವುದು ಎರಡನೇ ಪ್ರಶ್ನೆ. 'ಹುಣ್ಣಿಮೆಗೆ ಹೋಗೋಣ' ಅನ್ನುವುದು ಮೊದಲು. ಹೊಸಬರು ಬಂದು ಹೊಸ ಹಾಡು ಹಾಡಿದರೂ ಕೇಳುವ ಕಿವಿ ಆಗಲೇ ಅಲ್ಲಿ ಕೂತಿರುತ್ತದೆ. ಆ ಕಿವಿಯನ್ನು ಹೊಸಬರು ಸಂಪಾದಿಸಬೇಕಿಲ್ಲ. ಜಾಗ ಅದನ್ನು ಸಂಪಾದಿಸಿಟ್ಟಿದೆ.

ಕೈವಾರದಲ್ಲಿ ಇದೇ ಕೆಲಸ ಇನ್ನೊಂದು ರೀತಿಯಲ್ಲಿ ನಡೆಯುತ್ತದೆ. ಅದು ಈಗ ಚಿಕ್ಕಬಳ್ಳಾಪುರ ಜಿಲ್ಲೆ. 2007ರಲ್ಲಿ ಜಿಲ್ಲೆ ಒಡೆಯುವವರೆಗೆ ನಮ್ಮದೇ ಆಗಿತ್ತು, ಹಾಗಾಗಿ ಹೇಳುವ ಹಕ್ಕು ಸ್ವಲ್ಪ ಉಳಿದಿದೆ. ಅಲ್ಲಿ ಗುರುಪೂರ್ಣಿಮೆಗೆ 72 ಗಂಟೆ ಎಡೆಬಿಡದೆ ಸಂಗೀತ ನಡೆಯುತ್ತದೆ. ದೊಡ್ಡ ವಿದ್ವಾಂಸರೂ ಹಾಡುತ್ತಾರೆ, ಹಳ್ಳಿಯ ಭಜನೆ ಮಂಡಳಿಯವರೂ ಹಾಡುತ್ತಾರೆ. ಅಲ್ಲಿನ ಸಂತಕವಿ ಕೈವಾರ ತಾತಯ್ಯನವರ ಪದಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಗುರುಪೂರ್ಣಿಮೆ ಬರುವುದು ಆಷಾಢದಲ್ಲಿ. ಮದುವೆ ಇಲ್ಲ, ವಾಲಗದವರಿಗೂ ಆರ್ಕೆಸ್ಟ್ರಾದವರಿಗೂ ಬುಕಿಂಗ್ ಇಲ್ಲ. ಎಲ್ಲರ ಕೈ ಖಾಲಿ ಇರುವ ತಿಂಗಳಲ್ಲೇ ಅಷ್ಟು ದೊಡ್ಡ ಸೇರುವಿಕೆ ನಡೆಯುತ್ತದೆ. ನಾವು ಮಾತ್ರ ನಮ್ಮ ಹಾಡಿನ ಬಿಡುಗಡೆಯನ್ನು ಹುಡುಕಿ ಹುಡುಕಿ ಗಣೇಶನ ಹಬ್ಬದ ವಾರದಲ್ಲೋ ನವೆಂಬರ್ ರಾಜ್ಯೋತ್ಸವದಲ್ಲೋ ಇಡುತ್ತೇವೆ. ಊರಿನ ಎಲ್ಲ ಮೈಕುಗಳೂ ಕೂಗುತ್ತಿರುವಾಗ ನಮ್ಮದೂ ಒಂದು.

ಇನ್ನೊಂದು ಪಾಠ ಹೋರಾಟದ ಹಾಡುಗಳದ್ದು. 1970–80ರ ದಶಕಗಳಲ್ಲಿ ದಲಿತ ಚಳವಳಿಯ ಜೊತೆ ಹುಟ್ಟಿದ ಹಾಡುಗಳು ಈ ಜಿಲ್ಲೆಯ ಕೇರಿ ಕೇರಿ ಸುತ್ತಿದವು. ರಾಮಯ್ಯನವರು ಅಂಥ ಹಾಡುಗಳನ್ನು ಬರೆದರು. ಮುಂದೆ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆದ ಪಿಚ್ಚಳ್ಳಿ ಶ್ರೀನಿವಾಸ್ ಅವರಂಥವರು ಊರೂರಿನಲ್ಲಿ ಹಾಡಿದರು. ಸ್ಟೇಜು ಇರಲಿಲ್ಲ. ರೆಕಾರ್ಡಿಂಗ್ ಕೂಡ ಆಮೇಲಿನ ಮಾತು. ಹಾಗಿದ್ದರೂ ಆ ಹಾಡುಗಳು ಜನರ ಬಾಯಲ್ಲಿ ಉಳಿದವು. ಹೋರಾಟದ ಬಿಸಿ ಒಂದು ಕಾರಣ, ಅದನ್ನು ನಾವು ಸುಮ್ನೆ ನಕಲು ಮಾಡಲಾಗುವುದಿಲ್ಲ. ಆದರೆ ಕಲಿಯಬಹುದಾದ ಇನ್ನೊಂದು ಕಾರಣವಿದೆ. ಅವು ಸೊಲ್ಲಿನ ಹಾಡುಗಳು. ಒಬ್ಬರು ಎತ್ತಿ ಹೇಳಿದರೆ ಮಿಕ್ಕವರು ಹಿಂದೆ ಹೇಳುತ್ತಾರೆ. ಎರಡನೇ ಸುತ್ತಿಗೆ ಎದುರಿಗೆ ಕೂತವರೂ ತಂಡದವರೇ.

ನಮ್ಮ ಹೊಸ ಹಾಡುಗಳನ್ನು ಈ ಕಣ್ಣಿನಿಂದ ನೋಡಿದಾಗ ನನಗೆ ನಾಚಿಕೆಯಾಯಿತು. ಹತ್ತರಲ್ಲಿ ಎಂಟು ಹಾಡಿನಲ್ಲಿ ಕೇಳುಗರಿಗೆ ಬಾಯಿ ತೆರೆಯುವ ಜಾಗವೇ ಇರಲಿಲ್ಲ. ಎಲ್ಲವೂ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳುವ ಹಾಡು. ಅದು ತಪ್ಪಲ್ಲ. ಆದರೆ ಅಂಥ ಹಾಡನ್ನು ಹಿಡಿದುಕೊಂಡು 'ಜನ ಸೇರುತ್ತಿಲ್ಲ' ಅಂತ ಕೊರಗುವುದು ನ್ಯಾಯವಲ್ಲ.

ಪೌರಾಣಿಕ ನಾಟಕವನ್ನೂ ಇಲ್ಲಿ ನೆನೆಯಬೇಕು. ಹಳ್ಳಿಯಲ್ಲಿ 'ಕುರುಕ್ಷೇತ್ರ' ಆಡುವಾಗ ಪಾತ್ರ ಮಾಡುವವರು ದುಡ್ಡು ತೆಗೆದುಕೊಳ್ಳುವುದಿಲ್ಲ, ತಾವೇ ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಗೆ, ಡ್ರೆಸ್ಸಿಗೆ ಎಲ್ಲ ಅವರದೇ ಪಾಲು. ರಾತ್ರಿಯೆಲ್ಲ ಕೂತು ನೋಡುವವರು ಯಾರು? ದುರ್ಯೋಧನನ ಭಾವಮೈದ, ಕೃಷ್ಣನ ಚಿಕ್ಕಪ್ಪ, ಭೀಮನ ಹಾಲಿನ ಡೇರಿಯವರು. ವೇದಿಕೆ ಮೇಲೆ ಇಪ್ಪತ್ತು ಜನ ಇದ್ದರೆ ಇನ್ನೂರು ಜನ ಕೆಳಗೆ ಗ್ಯಾರಂಟಿ. ನಮ್ಮ ಮೂರು ಜನದ ಬ್ಯಾಂಡಿಗೆ ಮೂವತ್ತು ಜನ ಬಂದರೆ ಅದೂ ಇದೇ ಲೆಕ್ಕ. ಅದಕ್ಕೇ ಹೇಳುವುದು, ಕೋರಸ್ಸಿಗೆ ಕಾಲೇಜಿನ ಎಂಟು ಮಕ್ಕಳನ್ನು ಕರೆದರೆ ದನಿಯ ಜೊತೆಗೆ ಮನೆ ಮಂದಿಯೂ ಬರುತ್ತಾರೆ.

ತಮಟೆ ಬೇಕು, ತಮಟೆಯವರು?

ಒಂದು ಕಸಿವಿಸಿಯ ವಿಷಯ. ಈಗ ಹೊಸ ಹಾಡುಗಳಲ್ಲಿ ತಮಟೆ ಸದ್ದು ಫ್ಯಾಷನ್. ಲ್ಯಾಪ್‌ಟಾಪಿನಲ್ಲಿ ಸ್ಯಾಂಪಲ್ ಹಾಕಿ 'ಮಣ್ಣಿನ ಸೊಗಡು' ಅಂತ ಬರೆದುಕೊಳ್ಳುತ್ತೇವೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಎಲ್ಲರೂ ಸ್ಟೇಟಸ್ ಹಾಕಿದೆವು. ಆದರೆ ನಮ್ಮದೇ ಊರಿನ ತಮಟೆ ತಂಡವನ್ನು ನಮ್ಮ ಕಾರ್ಯಕ್ರಮದಲ್ಲಿ ಪಕ್ಕದಲ್ಲಿ ನಿಲ್ಲಿಸಿಕೊಂಡು, ಪೋಸ್ಟರ್‌ನಲ್ಲಿ ಹೆಸರು ಹಾಕಿ, ಗಿಟಾರಿಸ್ಟಿಗೆ ಕೊಟ್ಟಷ್ಟೇ ದುಡ್ಡು ಕೊಟ್ಟವರು ಎಷ್ಟು ಜನ?

ಇದು ನ್ಯಾಯದ ಮಾತು. ಜೊತೆಗೆ ಕೇಳುಗರ ಲೆಕ್ಕವೂ ಹೌದು. ಯಾವ ಜಾಗದಲ್ಲಿ ಹಾಡುತ್ತೇವೆ ಅನ್ನುವುದು ಯಾರು ಬರಬಹುದು ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ದೇವಸ್ಥಾನದ ಪ್ರಾಂಗಣ ಪುಕ್ಕಟೆ ಸಿಗುತ್ತದೆ, ನೋಡಲೂ ಚೆಂದ. ಆದರೆ ಕೆಲವು ಊರುಗಳಲ್ಲಿ ಅಲ್ಲಿಗೆ ಕಾಲಿಡಲು ಹಿಂಜರಿಯುವ ಜನ ಇನ್ನೂ ಇದ್ದಾರೆ. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಶಾಲೆಯ ಅಂಗಳ, ಗ್ರಂಥಾಲಯ, ಟ್ಯೂಷನ್ ಹಾಲ್ ವಾಸಿ.

ನಲವತ್ತು ಕುರ್ಚಿ ಹಾಕುವುದು ಹೇಗೆ

ಕೋಲಾರದಲ್ಲಿ ದೊಡ್ಡ ಕಾರ್ಯಕ್ರಮ ಅಂದರೆ ಟಿ. ಚನ್ನಯ್ಯ ರಂಗಮಂದಿರ. ಹೊಸಬರ ಕನಸೂ ಅದೇ. ಆದರೆ ಆ ಹಾಲಿನಲ್ಲಿ ನಲವತ್ತು ಜನ ಕೂತರೆ ಕಾರ್ಯಕ್ರಮ ಸೋತಂತೆ ಕಾಣುತ್ತದೆ. ಅದೇ ನಲವತ್ತು ಜನ ಟ್ಯೂಷನ್ ಹಾಲಿನಲ್ಲಿ ಕೂತರೆ ಬಾಗಿಲಲ್ಲಿ ಚಪ್ಪಲಿ ಬಿಡಲೂ ಜಾಗ ಇರುವುದಿಲ್ಲ. ಬಂದ ಜನ ಅಷ್ಟೇ. ಮನೆಗೆ ಹೋಗಿ ಹೇಳುವ ಕಥೆ ಮಾತ್ರ ಬೇರೆ. ಸಣ್ಣ ಕೋಣೆಗೆ ಇನ್ನೊಂದು ಲಾಭ, ಮೈಕ್ ಬೇಕಾಗುವುದಿಲ್ಲ. ಮೈಕ್ ಇಲ್ಲದಿದ್ದರೆ ಲೌಡ್‌ಸ್ಪೀಕರ್ ಪರ್ಮಿಷನ್ನೂ ಬೇಡ, ಸೌಂಡಿನವರ ಬಿಲ್ಲೂ ಇಲ್ಲ.

ಹೊತ್ತು ಯಾವುದು? ಬೆಂಗಳೂರಿನಲ್ಲಿ ಎಂಟು ಗಂಟೆಗೆ ಶುರು ಮಾಡಿದರೆ ಕೂಲ್. ಇಲ್ಲಿ ಎಂಟಕ್ಕೆ ಶುರು ಮಾಡಿದರೆ ವೇಮಗಲ್‌ನವರು, ನರಸಾಪುರದವರು, ಶ್ರೀನಿವಾಸಪುರದವರು ವಾಪಸ್ ಹೋಗುವುದು ಹೇಗೆ? ಇಂಥ ಸಣ್ಣ ಕೋಣೆಯಲ್ಲಿ ನಾವು ತಿಂಗಳಿಗೊಂದು ಕಾರ್ಯಕ್ರಮ ನಡೆಸುತ್ತೇವೆ. ಮೊದಲ ಎರಡರಲ್ಲಿ ಒಳ್ಳೆಯ ಹಾಡು ಬರುವ ಹೊತ್ತಿಗೆ ಹಿಂದಿನ ಎರಡು ಸಾಲು ಎದ್ದು ಹೋಯಿತು. ಬೇಸರ ಬಂದು ಹೋದರು ಅಂದುಕೊಂಡೆ. ವಿಚಾರಿಸಿದರೆ ಕೊನೆ ಬಸ್ಸು. ಆಮೇಲೆ ಭಾನುವಾರ ಸಂಜೆ ನಾಲ್ಕೂವರೆಗೆ ಶುರು ಮಾಡಿ, ಆರೂವರೆಗೆ ಮುಗಿಸುವ ಹಾಗೆ ಮಾಡಿಕೊಂಡೆವು. ಇದರಿಂದ ನಾವು ಅಂದುಕೊಳ್ಳದ ಒಂದು ಬದಲಾವಣೆ ಆಯಿತು. ಹೆಂಗಸರು ಬರತೊಡಗಿದರು. ರಾತ್ರಿ ಕಾರ್ಯಕ್ರಮಕ್ಕೆ ತಂಗಿಯನ್ನು ಕರೆತರದ ಹುಡುಗರು ಸಂಜೆಯ ಕಾರ್ಯಕ್ರಮಕ್ಕೆ ಅಮ್ಮನನ್ನೂ ಕರೆತಂದರು. ಊರಿನ ಅರ್ಧ ಕಿವಿಯನ್ನು ನಾವು ಗಡಿಯಾರದಿಂದಲೇ ಹೊರಗೆ ಇಟ್ಟಿದ್ದೆವು.

ದಿನ ಒಂದೇ ಇರಲಿ. ತಿಂಗಳ ಎರಡನೇ ಭಾನುವಾರ ಅಂದರೆ ಎರಡನೇ ಭಾನುವಾರ. ಮಳೆ ಬರಲಿ, ಕ್ರಿಕೆಟ್ ಫೈನಲ್ ಇರಲಿ, ಹನ್ನೊಂದೇ ಜನ ಬರಲಿ, ನಡೆಸಬೇಕು. ನಮಗೂ ಒಂದು ಸಲ ಬಂದವರು ಹನ್ನೊಂದೇ ಜನ. ಅವರಲ್ಲಿ ಇಬ್ಬರು ಬೇರೆ ಯಾರೋ ಮಾಡುವ ಕ್ಲಾಸು ಅಂದುಕೊಂಡು ಬಂದವರು. ಆವತ್ತು ಕಾರ್ಯಕ್ರಮ ರದ್ದು ಮಾಡಿದ್ದರೆ ಮುಂದಿನ ತಿಂಗಳು ಆ ಒಂಬತ್ತು ಜನವೂ ಬರುತ್ತಿರಲಿಲ್ಲ. ಮಾರ್ಚಿನಲ್ಲಿ ಮಾತ್ರ ಎಚ್ಚರ. ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆ ಇರುವ ಮನೆಗಳಲ್ಲಿ ಯಾರೂ ಹಾಡಿನ ಮಾತೇ ಎತ್ತುವುದಿಲ್ಲ.

ವೇದಿಕೆ ಕಾರ್ಯಕ್ರಮ ಅನ್ನುವ ರೋಗವನ್ನು ಮಾತ್ರ ಹತ್ತಿರ ಸೇರಿಸಬೇಡಿ. ಒಬ್ಬರನ್ನು ಅತಿಥಿ ಅಂತ ಕರೆದರೆ ನಾಲ್ಕು ಜನರನ್ನು ಕರೆಯಬೇಕಾಗುತ್ತದೆ. ಹಾರ, ಶಾಲು, ಸ್ವಾಗತ, ಪ್ರಾಸ್ತಾವಿಕ ನುಡಿ. ಗಾಯಕರಿಗೆ ಸಿಗುವುದು ಪ್ರಾರ್ಥನೆ ಗೀತೆ ಮತ್ತು ವಂದನಾರ್ಪಣೆಯ ನಡುವೆ ಉಳಿದ ಹದಿನೈದು ನಿಮಿಷ.

ಬಂದವರನ್ನು ಮತ್ತೆ ಕರೆಯುವುದು ಹೇಗೆ ಅನ್ನುವುದರಲ್ಲಿ ವಾಟ್ಸಾಪ್‌ನ ಒಂದು ಸಣ್ಣ ನಿಯಮ ಕೆಲಸಕ್ಕೆ ಬರುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ 256 ಜನರನ್ನು ಸೇರಿಸಬಹುದು. ಆದರೆ ಯಾರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿದೆಯೋ ಅವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಮೊದಲು ಇದು ನನಗೆ ಕಿರಿಕಿರಿ ಅನ್ನಿಸಿತ್ತು. ಈಗ ಇದೇ ನನ್ನ ನಿಜವಾದ ಅಳತೆಗೋಲು. ಸಬ್‌ಸ್ಕ್ರೈಬ್ ಒತ್ತುವುದು ಅರೆ ಸೆಕೆಂಡಿನ ಕೆಲಸ. ಹಾಡುವ ಹುಡುಗನ ನಂಬರನ್ನು ಹೆಸರು ಬರೆದು ಸೇವ್ ಮಾಡಿಕೊಳ್ಳುವವರು ಮತ್ತೆ ಬರುವ ಮನಸ್ಸು ಇರುವವರು. ತಿಂಗಳಿಗೆ ಎರಡೇ ಮೆಸೇಜು ಕಳಿಸಿ. ದಿನಾ ಗುಡ್ ಮಾರ್ನಿಂಗ್ ಕಳಿಸಿದರೆ ಅಲ್ಲಿಗೆ ಮುಗಿಯಿತು.

ದುಡ್ಡಿನ ವಿಷಯ. ನಮ್ಮ ಕಡೆ ಸಂಗೀತಕ್ಕೆ ಟಿಕೆಟ್ ಕೊಳ್ಳುವ ಅಭ್ಯಾಸ ಇಲ್ಲ. ಮುಯ್ಯಿ ಹಾಕುವ ಅಭ್ಯಾಸ ಇದೆ. ಮದುವೆಗೆ ಬಂದವರು ಬರಿಗೈಯಲ್ಲಿ ಹೋಗುವುದಿಲ್ಲ, ಆದರೆ ಬಾಗಿಲಲ್ಲಿ ಕೇಳಿದರೆ ಅವಮಾನ. ಹಾಡಿಗೂ ಹಾಗೇ. ಬಾಗಿಲಲ್ಲಿ ನೂರು ರೂಪಾಯಿ ಅಂತ ಬೋರ್ಡ್ ಹಾಕಿದ ತಿಂಗಳು ಹದಿನಾರು ಜನ ಬಂದರು. ಮುಂದಿನ ತಿಂಗಳು ಬೋರ್ಡ್ ತೆಗೆದು, ಕೊನೆಗೆ ಒಂದು ತಟ್ಟೆ, ಪಕ್ಕದಲ್ಲಿ ಕ್ಯೂಆರ್ ಕೋಡ್ ಇಟ್ಟೆವು. ಹಾಲಿನ ಬಾಡಿಗೆ, ಕಾಫಿ ಖರ್ಚು ಕಳೆದು ಸ್ವಲ್ಪ ಮಿಕ್ಕಿತು. ಇದು ಸಂಪಾದನೆ ಅಂತ ನಾನು ಹೇಳುವುದಿಲ್ಲ. ಹೊಟ್ಟೆಪಾಡಿಗೆ ರಸಮಂಜರಿ ಬಿಡಬೇಡಿ. ಅಲ್ಲಿ ನಿಮ್ಮ ಮುಖ ನೋಡಿದವರನ್ನು ಭಾನುವಾರದ ಕೋಣೆಗೆ ಕರೆಯಿರಿ, ಎರಡೂ ಜೊತೆಯಲ್ಲೇ ನಡೆಯಲಿ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಾರ್ಯಕ್ರಮಗಳೂ ಇವೆ. ಮಕ್ಕಳಿಗೆ 'ಚಿಗುರು', ಯುವಕರಿಗೆ 'ಯುವ ಸೌರಭ'. ಅರ್ಜಿ ಹಾಕಿ, ಸಿಕ್ಕರೆ ಹಾಡಿ. ಆದರೆ ಅಲ್ಲಿ ಎದುರಿಗೆ ಕೂರುವವರು ಸಾಮಾನ್ಯವಾಗಿ ಬೇರೆ ತಂಡದ ಕಲಾವಿದರೇ. ಅವರ ಪರಿಚಯ ಮಾಡಿಕೊಂಡು ಬನ್ನಿ. ಮುಳಬಾಗಿಲಿನ ತಂಡ ನಿಮ್ಮ ಕೋಣೆಗೆ, ನೀವು ಅವರ ಕೋಣೆಗೆ. ಇದೂ ಒಂದು ಮುಯ್ಯಿಯೇ.

ಯಾವ ಭಾಷೆಯಲ್ಲಿ, ಯಾರ ಹಾಡು

ಕೋಲಾರದ ಬೀದಿಯಲ್ಲಿ ಐದು ನಿಮಿಷ ನಿಂತರೆ ಕನ್ನಡ, ತೆಲುಗು, ತಮಿಳು, ದಖನಿ ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಆದರೂ ಮೈಕ್ ಮುಂದೆ ನಿಂತ ತಕ್ಷಣ ನಮ್ಮ ಬಾಯಲ್ಲಿ ಸಿನಿಮಾದ ಕನ್ನಡ ಬರುತ್ತದೆ. ಮನೆಯಲ್ಲಿ ಆಡುವ, ತೆಲುಗು ಬೆರೆತ ಕೋಲಾರದ ಕನ್ನಡ ನಾಚಿಕೆಯ ವಸ್ತು ಅನ್ನುವ ಹಾಗೆ. ನನ್ನ ಪ್ರಕಾರ ನಮ್ಮ ದೊಡ್ಡ ಆಸ್ತಿ ಅದೇ. ಆ ಮಾತಿನಲ್ಲಿ ಬರೆದ ಒಂದು ಹಾಡು, ಟೊಮೆಟೊ ಹರಾಜಿನ ಬಗ್ಗೆ, ನಾವು ಹಾಡಿದಾಗ ಎಪಿಎಂಸಿಯಲ್ಲಿ ಕೆಲಸ ಮಾಡುವ ಒಬ್ಬರು 'ಇನ್ನೊಂದ್ಸಲ ಹೇಳಪ್ಪಾ' ಅಂದರು. ನಮ್ಮ ಪ್ರೇಮಗೀತೆಗಳಿಗೆ ಆ ಮಾತು ಯಾವತ್ತೂ ಸಿಕ್ಕಿರಲಿಲ್ಲ.

ಸಿನಿಮಾ ಹಾಡಿನ ಕವರ್ ಹಾಡಿ ಮೊದಲು ಹೆಸರು ಮಾಡಿಕೊಳ್ಳೋಣ ಅನ್ನುವವರಿದ್ದಾರೆ. ಊರಿನ ಸ್ಟೇಜಿನಲ್ಲಿ ಅದು ನಡೆಯುತ್ತದೆ. ಯೂಟ್ಯೂಬ್‌ನಲ್ಲಿ ಹಾಕಿದರೆ ಹಕ್ಕು ಇರುವ ಕಂಪನಿ ಕ್ಲೇಮ್ ಹಾಕಬಹುದು, ದುಡ್ಡು ಬಂದರೂ ಅವರಿಗೇ ಹೋಗಬಹುದು. ಸಾಹಿತ್ಯ, ಸಂಗೀತದ ಹಕ್ಕು ಮಾಡಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ತಾತಯ್ಯನವರ ತತ್ವಪದಗಳು ಆ ಗಡಿ ಯಾವತ್ತೋ ದಾಟಿವೆ, ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಪದಕ್ಕೆ ಈಚೆಗೆ ಯಾರೋ ಕಟ್ಟಿದ ರಾಗವನ್ನೋ ಅವರ ರೆಕಾರ್ಡಿಂಗನ್ನೋ ಎತ್ತಿಕೊಳ್ಳುವ ಹಾಗಿಲ್ಲ.

ನಿಮ್ಮ ಸ್ವಂತ ಹಾಡಿನಲ್ಲಿ ಯಾರ ಪಾಲು ಎಷ್ಟು ಅಂತ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಗೆಳೆಯರ ನಡುವೆ ಯಾಕೆ ಅಂತೀರಾ? ಗೆಳೆಯರ ನಡುವೆಯೇ ಬೇಕು. 2012ರ ತಿದ್ದುಪಡಿಯ ನಂತರ, ಹಾಡು ಬರೆದವರು ಮತ್ತು ರಾಗ ಕಟ್ಟಿದವರು ತಮ್ಮ ರಾಯಲ್ಟಿಯ ಪಾಲನ್ನು ಕಂಪನಿಗೆ ಪೂರ್ತಿ ಬಿಟ್ಟುಕೊಡುವಂತಿಲ್ಲ. ಕಾನೂನು ಅಷ್ಟು ಕಾಪಾಡುತ್ತದೆ. ಆದರೆ ಆ ರಾಗ ಕಟ್ಟಿದ್ದು ನೀವೇ ಅಂತ ತೋರಿಸಲು ಕಾಗದ ಬೇಕಲ್ಲ. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ನಮ್ಮ ಹಾಡಿನ ಬಿಡಿ ಟ್ರ್ಯಾಕುಗಳನ್ನು ಕೇಳಿದಾಗ 'ಹಾರ್ಡ್ ಡಿಸ್ಕ್ ಹೋಯ್ತು' ಅಂದರು. ಆವತ್ತಿನಿಂದ ರೆಕಾರ್ಡಿಂಗ್ ಮುಗಿದ ದಿನವೇ ಪೆನ್‌ಡ್ರೈವ್ ಹಿಡಿದು ನಿಲ್ಲುತ್ತೇನೆ.

ಬೂದಿಕೋಟೆಯ ವೈರು

ಈ ಜಿಲ್ಲೆಯ ಒಂದು ಹಳೇ ಪ್ರಯೋಗ ಮರೆತುಹೋಗುತ್ತಿದೆ. ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ, ಹೈದರಾಲಿ ಹುಟ್ಟಿದ ಊರು ಅಂತಾರಲ್ಲ ಅಲ್ಲಿ, 2000ದ ದಶಕದ ಆರಂಭದಲ್ಲಿ 'ನಮ್ಮ ಧ್ವನಿ' ಅನ್ನುವ ಸಮುದಾಯ ರೇಡಿಯೋ ಶುರುವಾಯಿತು. ಆಗ ಸಂಘ ಸಂಸ್ಥೆಗಳಿಗೆ ಎಫ್‌ಎಂ ಲೈಸೆನ್ಸ್ ಕೊಡುತ್ತಿರಲಿಲ್ಲ. ಆ ಬಾಗಿಲು ತೆರೆದದ್ದು 2006ರಲ್ಲಿ. ಅವರು ಕಾಯಲಿಲ್ಲ. ಟಿವಿ ಕೇಬಲ್ಲಿನ ದಾರಿಯಲ್ಲೇ ಧ್ವನಿಯನ್ನು ಮನೆ ಮನೆಗೆ ಕಳಿಸಿದರು. ವೈರು ಎಲ್ಲಿಯವರೆಗೆ ಹೋಗಿತ್ತೋ ಅಲ್ಲಿಯವರೆಗೆ ರೇಡಿಯೋ.

ಎರಡನೇ ಬೀದಿಯ ಅಕ್ಕ ಹಾಡಿದ್ದನ್ನು ಮೂರನೇ ಬೀದಿಯವರು ಕೇಳುವ ರೇಡಿಯೋ ಅದು. ಇವತ್ತು ನಮ್ಮ ಕೈಯಲ್ಲಿ ಜಗತ್ತಿಗೇ ಹೋಗುವ ವೈರಿದೆ. ಆದರೆ ಮೂರನೇ ಬೀದಿಗೆ ಹೋಗುತ್ತಿದೆಯೇ ಅಂತ ನೋಡಿದವರು ಕಡಿಮೆ. ಒಂದು ಪರೀಕ್ಷೆ ಮಾಡಿ. ನಿಮ್ಮ ಬೀದಿಯ ಹತ್ತು ಮನೆಯವರಿಗೆ ನಿಮ್ಮ ಒಂದು ಹಾಡಿನ ಹೆಸರು ಗೊತ್ತಾ ಅಂತ ಕೇಳಿ. ನಾನು ಕೇಳಿದ್ದೆ. 'ನೀನು ಆರ್ಕೆಸ್ಟ್ರಾದಲ್ಲಿ ಟಪ ಟಪ ಬಡೀತೀಯಲ್ಲ' ಅಂದರು. ಹಾಡಿನ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ.

ಕೊನೆಗೆ ಬೆಂಗಳೂರು. ಎಲ್ಲರೂ ಕೇಳುವುದು ಅದನ್ನೇ. ಕೋಲಾರದಿಂದ ಎಪ್ಪತ್ತು ಕಿಲೋಮೀಟರ್ ಕೂಡ ಇಲ್ಲ, ಅಲ್ಲಿಗೇ ಹೋಗಿ ಹಾಡಬಾರದಾ? ಹೋಗಿ. ಆದರೆ ಒಬ್ಬರೇ ಹೋಗಬೇಡಿ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಅದಾದ ಮೇಲೆ ಅಲ್ಲಿಯ ಸಾವಿರಾರು ಜನರ ಬದುಕು ರೈಲಿಗೆ ಬಿತ್ತು. ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಕತ್ತಲಿರುವಾಗಲೇ ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ವಾಪಸ್ ಬರುತ್ತಾರೆ. ವಾರದಲ್ಲಿ ಅವರು ಊರಲ್ಲಿ ಕೈಗೆ ಸಿಗುವುದು ಭಾನುವಾರ ಒಂದೇ ದಿನ. ನಮ್ಮ ನಲವತ್ತು ಕುರ್ಚಿಯಲ್ಲಿ ಹತ್ತು ಹನ್ನೆರಡು ಯಾವಾಗಲೂ ಇವರದೇ.

ನಾವು ಮೊದಲ ಸಲ ಬೆಂಗಳೂರಿನ ಒಂದು ಸಣ್ಣ ಕೆಫೆಯಲ್ಲಿ ಒಂದು ಗುರುವಾರ ಹಾಡಿದಾಗ, ಮುಂದಿನ ಎರಡು ಸಾಲು ತುಂಬಿಸಿದ್ದು ಅವರೇ. ಆಫೀಸಿನಿಂದ, ಫ್ಯಾಕ್ಟರಿಯಿಂದ ನೇರ ಬಂದಿದ್ದರು, ಬ್ಯಾಗು ಹೆಗಲಲ್ಲೇ ಇತ್ತು. ಟೊಮೆಟೊ ಹಾಡಿಗೆ ಸೊಲ್ಲು ಹಿಡಿದದ್ದೂ ಅವರೇ. ಕೆಫೆಯವರು ಇವರೆಲ್ಲ ಯಾರು ಅಂತ ನನ್ನ ಮುಖ ನೋಡಿದರು. ಕಾರ್ಯಕ್ರಮಕ್ಕೆ ಮೊದಲು ನಮ್ಮ ಕಡೆಯ ಈ ಜನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ರೈಲಿನ ಹೊತ್ತಿಗೆ ಮುಗಿಸ್ತೀಯಾ?